ಎಡಗಡೆಯ ಗೋರಿ

ಸಿಮೆಂಟಿನ ಚೀಲವನ್ನು ವ್ಯಾನಿನ ಹಿಂಬದಿಗೆ ಹಾಕಬಹುದಿತ್ತು. ಆದರೆ ದಾರಿಯ ಕುಲುಕಾಟಕ್ಕೆ ಟೈಲ್ಸು ಒಡೆದಾವೆಂದು ಹೆದರಿದ ಪರದೇಶದ ಅತಿಥಿ ಮಾರ್ಗಿಟ್, ಅವುಗಳ ಪೆಟ್ಟಿಗೆಯನ್ನು ಹಿಂದುಗಡೆ ಕಂಬಳಿಯ ಮೇಲೆ ಮಲಗಿಸಿ, ಚೀಲವನ್ನು ಅಮೊಲೊಳ ಪಕ್ಕದ ಸೀಟಿನಲ್ಲಿ ಕೂರಿಸಿದ್ದಳು. ಪ್ರತಿ ತಿರುವಿನಲ್ಲೂ ಅದು ತೂಕಡಿಸುವ ಮುದುಕನ ಹಾಗೆ ಅವಳ ಭುಜಕ್ಕೆ ಒರಗುತ್ತಿತ್ತು; ಅವಳು ಮೊಣಕೈಯಿಂದ ತಳ್ಳುತ್ತಿದ್ದಳು; ಅದು ಮತ್ತೆ ಒರಗುತ್ತಿತ್ತು. ಹೊಲಿಗೆಯ ಸಂದಿನಿಂದ ಉದುರಿದ ಬೂದಿ ಬಣ್ಣದ ಹುಡಿ ಅವಳ ಭಾನುವಾರದ ನೀಲಿ ಸ್ಕರ್ಟಿನ ಮೇಲೆ ಕೂತಿತ್ತು. ಒರೆಸಿದಷ್ಟೂ ಬಟ್ಟೆಯೊಳಗೆ ಇಳಿಯುತ್ತದೆ ಎಂದು ಗೊತ್ತಿದ್ದೂ ಒರೆಸುತ್ತಿದ್ದಳು. ಮುಂದಿನ ಸೀಟಿನಲ್ಲಿ ಮಾರ್ಗಿಟ್‌ಳ ತೊಡೆಯ ಮೇಲೆ ಪುಟ್ಟ ಅಕೊತ್ ಕೂತಿದ್ದಳು. ಬಿಳಿ ಫ್ರಾಕು, ಬಿಳಿ ಕಾಲುಚೀಲ. ನುಣ್ಣಗೆ ಬೋಳಿಸಿದ ತಲೆಗೆ ಬೆಳಿಗ್ಗೆ ಅಮೊಲೊ ತಾನೇ ಎಣ್ಣೆ ಸವರಿದ್ದಳು. ಅನಾಥಾಲಯದ ಯಜಮಾನ ಪಾಸ್ಟರ್ ಒಗುತು ವ್ಯಾನು ನಡೆಸುತ್ತ, ಸರೋವರ ಕಂಡಾಗಲೆಲ್ಲ ಬೆರಳು ಚಾಚಿ ತೋರಿಸುತ್ತಿದ್ದರು, ಅದನ್ನು ತಾವೇ ತೋಡಿಸಿದವರ ಹಾಗೆ. ಈ ಮಗುವಿನ ತಾಯಿ ಬದುಕಿದ್ದಾಳೆ. ಇಂಗ್ಲಿಷಿನಲ್ಲಿ ಈ ವಾಕ್ಯ ಇನ್ನೂ ಚಿಕ್ಕದು. ಒಂದು ಉಸಿರು ಸಾಕು. ಅಮೊಲೊ ಬೆಳಗಿನಿಂದ ಅದನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡು ತಿರುಗುತ್ತಿದ್ದಳು, ಕಹಿ ಮಾತ್ರೆಯನ್ನು ನುಂಗಲೂ ಆಗದೆ ಉಗುಳಲೂ ಆಗದೆ ಇಟ್ಟುಕೊಂಡವರ ಹಾಗೆ. ಹೇಳಿದರೆ ಅಕೊತ್ ಅನಾಥಳಲ್ಲ ಎಂದಾಗುತ್ತದೆ, ಅನಾಥಳಲ್ಲದವಳಿಗೆ ಮಂಚವೂ ಇಲ್ಲ, ಶಾಲೆಯೂ ಇಲ್ಲ, ಎರಡು ಹೊತ್ತಿನ ಉಗಾಲಿ ಮುದ್ದೆಯೂ ಇಲ್ಲ. ಹೇಳದಿದ್ದರೆ ಇವತ್ತು ಮಧ್ಯಾಹ್ನದೊಳಗೆ, ಜೀವಂತವಿರುವ ಒಬ್ಬ ಹೆಂಗಸಿನ ಮೇಲೆ ಈ ಚೀಲ ಸುರಿಯುತ್ತದೆ.

ಮಾತನಾಡುವ ಕೆಲಸ ಅವಳದೇ. ದಾನ ಕೊಡುವ ಅತಿಥಿಗಳು ಬಂದ ಸಂಜೆ ಮಕ್ಕಳನ್ನು ಸಭಾಂಗಣದಲ್ಲಿ ಬೆಂಚುಗಳ ಮೇಲೆ ಕೂರಿಸಿ, ಒಬ್ಬೊಬ್ಬರನ್ನಾಗಿ ಎದ್ದು ನಿಲ್ಲಿಸಿ, ಅವರವರ ಕಥೆ ಹೇಳುವುದು ಅಲ್ಲಿನ ಪದ್ಧತಿ. ಪಾಸ್ಟರ್ ಹೇಳಿದರೆ ಅದು ಚರ್ಚಿನ ಉಪದೇಶವಾಗುತ್ತಿತ್ತು. ಅಮೊಲೊ ಅಲ್ಲಿನ ಟೀಚರು, ಕಾಲೇಜಿನಲ್ಲಿ ಓದಿದವಳು, ಮಾತನ್ನು ಅಳೆದು ಆಡುವವಳು, ಅವಳು ಹೇಳಿದರೆ ಜನ ಕರವಸ್ತ್ರ ತೆಗೆಯುತ್ತಿದ್ದರು. ಕಳೆದ ವರ್ಷ ಮಾರ್ಗಿಟ್ ಮೊದಲ ಸಲ ಬಂದಾಗ ಅಕೊತ್‌ಳ ಸರದಿ ಬಂತು. ತಂದೆ ಮೀನಿಗೆ ಹೋದವನು ಮರಳಲಿಲ್ಲ ಎಂದಳು, ಅದು ನಿಜ. ತಾಯಿ ಅದೇ ಕೊರಗಿನಲ್ಲಿ ತೀರಿಕೊಂಡಳು ಎಂದಳು. ಅದು ಅನಾಥಾಲಯದ ಎಲ್ಲ ಮಕ್ಕಳ ತಾಯಂದಿರಿಗೂ ಕಥೆಯಲ್ಲಿ ಆಗುವಂಥದು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅತಿಥಿಗಳು ಅದಕ್ಕಿಂತ ಹೆಚ್ಚು ಕೇಳುವವರಲ್ಲ. ಸತ್ತಳು ಎಂದರೆ ಅವರಿಗೆ ಮುಗಿಯಿತು. ಆದರೆ ಸತ್ತಳು ಎಂದ ಮೇಲೆ ವಾಕ್ಯ ಗಾಳಿಯಲ್ಲಿ ಒಂಟಿ ಕಾಲಿನಲ್ಲಿ ನಿಂತಂತೆ ಅಮೊಲೊಳಿಗೆ ಭಾಸವಾಯಿತು. ಅವಳು ಹುಟ್ಟಿ ಬೆಳೆದ ಕಡೆ ಯಾರೂ ಬರೀ ಸಾಯುವುದಿಲ್ಲ. ಸತ್ತವರನ್ನು ಯಾವ ಹಟ್ಟಿಯಲ್ಲಿ, ಬಾಗಿಲಿನ ಯಾವ ಮಗ್ಗುಲಿಗೆ ಮಣ್ಣು ಮಾಡಿದರು ಎಂದು ಹೇಳದೆ ಸಾವಿನ ಸುದ್ದಿ ಪೂರ್ತಿಯಾಗುವುದಿಲ್ಲ. ಮಣ್ಣಿನ ಜಾಗ ಹೇಳದವನನ್ನು ಮುದುಕರು ಕಳ್ಳನನ್ನು ನೋಡಿದಂತೆ ನೋಡುತ್ತಾರೆ. ಹಾಗಾಗಿ ನಾಲಿಗೆ ತಾನಾಗಿ ಮುಂದುವರಿಯಿತು: ಗಂಡನ ಹಟ್ಟಿಯಲ್ಲಿ, ಅವಳದೇ ಮನೆಯ ಬಾಗಿಲಿಗೆ ಎಡಗಡೆ, ಸರೋವರ ಕಾಣುವ ಹಾಗೆ ಮಲಗಿಸಿದ್ದಾರೆ, ಬರೀ ಮಣ್ಣಿನ ದಿಬ್ಬ, ಮಳೆಗೆ ಕುಸಿಯುತ್ತಿದೆ. ಮಾರ್ಗಿಟ್ ತಲೆಯೆತ್ತಿ ನೋಡಿದ್ದು ಆ ಗಳಿಗೆಯಲ್ಲೇ. ಅದುವರೆಗೆ ಅವಳು ಬೇರೆಯವರ ಹಾಗೆಯೇ ಅಳುತ್ತಿದ್ದಳು. ಕುಸಿಯುತ್ತಿದೆ ಎಂದಾಗ ಅಳು ನಿಲ್ಲಿಸಿದಳು.

"ಸತ್ತಳು ಅಂದಿದ್ರೆ ಸಾಲ್ತಿರಲಿಲ್ವೇನಮ್ಮಾ? ಹೂಳೋಕೆ ನಿನಗೆ ಯಾರು ಹೇಳಿದ್ರು?" ಎಂದು ಪಾಸ್ಟರ್ ಕೇಳಿದ್ದರು, ಮಾರ್ಗಿಟ್ ಗೋರಿ ಕಟ್ಟಲು ತಾನೇ ಬರುತ್ತೇನೆ ಎಂದು ತಿಳಿಸಿದ ದಿನ. ಕೋಪವಿರಲಿಲ್ಲ ಅವರ ದನಿಯಲ್ಲಿ, ಒಂದು ಥರದ ತಮಾಷೆ ಇತ್ತು, ಅದೇ ಹೆಚ್ಚು ಚುಚ್ಚಿತ್ತು.

"ಬಾಯಿಗೆ ಬಂದುಬಿಡ್ತು, ಪಾಸ್ಟರ್."

"ಓದಿದವಳ ಬಾಯಿ! ನಮ್ಮ ಅಡುಗೆಯವಳು ಹೇಳಿದ್ರೂ ಇಷ್ಟು ಚೆನ್ನಾಗಿ ಸಾಯಿಸ್ತಿರಲಿಲ್ಲ ಬಿಡು." ಆಮೇಲೆ ದನಿ ತಗ್ಗಿಸಿ, "ನೋಡು, ಆ ಹೆಂಗಸು ಅವಳ ಊರಲ್ಲಿ ಮನೆಮನೆಗೆ ಹೋಗಿ ದುಡ್ಡು ಕೂಡಿಸಿದಾಳೆ. ಆ ಹುಡುಗಿ ಓದಿ ಮುಗಿಸೋ ತನಕ ನೋಡ್ಕೋತೀನಿ ಅಂತಿದಾಳೆ. ಈಗ ಗೋರಿ ಇಲ್ಲ ಅಂದ್ರೆ ಏನಾಗುತ್ತೆ? ಒಂದು ಮಗು ಹೋಗೋದಲ್ಲ, ಎಲ್ಲಾ ಮಕ್ಕಳೂ ಹೋಗ್ತಾವೆ. ನೀನೇ ಹೂತಿದ್ದು. ನೀನೇ ಹೋಗಿ ಗುಂಡಿ ತೋಡಿಸು."

ಮಾರ್ಗಿಟ್ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಈಗ, ವ್ಯಾನಿನಲ್ಲಿ, ಅವಳ ಒರಟು ಕೈ ಅಕೊತ್‌ಳ ಹೊಟ್ಟೆಯನ್ನು ಬಳಸಿ ಹಿಡಿದಿರುವುದು ಹಿಂದಿನಿಂದ ಕಾಣುತ್ತಿತ್ತು. ಚಳಿಯ ಊರಿನ ಹೆಂಗಸು, ಗಂಡ ಸತ್ತವಳು. ಚರ್ಚಿನ ಬಾಗಿಲಲ್ಲಿ ಕೇಕು ಮಾರಿ, ಹೆಪ್ಪುಗಟ್ಟಿದ ಕೊಳದ ಸುತ್ತ ಮುದುಕ ಮುದುಕಿಯರನ್ನು ನಡೆಸಿ, ಒಂದೊಂದು ಸುತ್ತಿಗೆ ಇಷ್ಟು ದಾನ ಎಂದು ಹಣ ಕೂಡಿಸಿ, ಈ ಟೈಲ್ಸಿನ ಪೆಟ್ಟಿಗೆಯಾಗಿ ಮಾಡಿಕೊಂಡು ಬಂದಿದ್ದಾಳೆ. ಗಾರೆ ಕೆಲಸವನ್ನು ಅವಳ ಊರಿನ ಒಬ್ಬ ಮೇಸ್ತ್ರಿಯಿಂದ ಕಲಿತಳಂತೆ. ಬೇರೆಯವರ ಕೈಯಲ್ಲಿ ಮಾಡಿಸಿದರೆ ಅದು ತನ್ನದಾಗುವುದಿಲ್ಲ ಎಂದಳಂತೆ. ಅಮೊಲೊಳ ಸ್ವಂತ ತಾಯಿಯ ಗೋರಿಗೆ ಸಿಮೆಂಟು ಬಿದ್ದಿಲ್ಲ. ಬೆಟ್ಟದಾಚೆಯ ತವರಿನಲ್ಲಿ ಅದು ಮಣ್ಣಾಗಿಯೇ ಇದೆ, ಮೇಕೆಗಳು ಬಿಸಿಲಿಗೆ ಮೈ ಕಾಯಿಸಲು ಅದರ ಮೇಲೆ ಮಲಗುತ್ತವೆ, ಅಣ್ಣ ಪ್ರತಿ ಕ್ರಿಸ್‌ಮಸ್‌ಗೂ ಈ ವರ್ಷ ಖಂಡಿತ ಎನ್ನುತ್ತಾನೆ. ಮಾರ್ಗಿಟ್ ಟೈಲ್ಸಿನ ಪೆಟ್ಟಿಗೆ ತೆರೆದು ತೋರಿಸಿದಾಗ, ಹಾಲಿನ ಬಣ್ಣದ ಮೇಲೆ ಸಣ್ಣ ಹಸಿರು ಎಲೆಗಳನ್ನು ಕಂಡು, ಅಮೊಲೊಳ ಎದೆಯಲ್ಲಿ ಎದ್ದದ್ದು ಪಾಪಪ್ರಜ್ಞೆಯಲ್ಲ, ಹೊಟ್ಟೆಕಿಚ್ಚು. ಸಾಯದವಳಿಗೆ ಇಂಥ ಟೈಲ್ಸು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕಳೆದ ವಾರ ದಡಕ್ಕೆ ಹೋಗಿ ವಿಷಯ ತಿಳಿಸಬೇಕಾಗಿ ಬಂದಾಗ ಪೆರೆಸ್ ಮೀನು ಕರಿಯುತ್ತಿದ್ದಳು. ದಡದಲ್ಲಿ ಅವಳನ್ನು ಎಲ್ಲರೂ ಅಕೊತ್ ತಾಯಿ ಎಂದೇ ಕರೆಯುವುದು. ಅಲ್ಲಿ ಹೆತ್ತ ಹೆಂಗಸಿಗೆ ಬೇರೆ ಹೆಸರು ಬೇಕಾಗುವುದಿಲ್ಲ. ಅನಾಥಾಲಯದ ಗೇಟಿನೊಳಗೆ ಮಾತ್ರ ಆ ಹೆಸರು ನಿಷಿದ್ಧ. ಭಾನುವಾರ ಮೀನಿನ ಪೊಟ್ಟಣ ಹಿಡಿದು ಬರುವ ಪೆರೆಸ್ ಅಲ್ಲಿ ಮಗುವಿನ ಚಿಕ್ಕಮ್ಮ; ಮಾರ್ಗಿಟ್‌ಳಿಗೂ ಹಾಗೆಂದೇ ಪರಿಚಯ. ಮೊದಲ ವರ್ಷ ಅಕೊತ್ ತಪ್ಪಿ ಅಮ್ಮಾ ಎಂದಾಗಲೆಲ್ಲ ಪೆರೆಸ್ ತಾನೇ ಬಾಯಿಯ ಮೇಲೆ ಬೆರಳಿಟ್ಟು ನಗುತ್ತಿದ್ದಳು, ಅದೊಂದು ಆಟವೆಂಬಂತೆ. ಎಣ್ಣೆ ಚಟಪಟ ಎನ್ನುತ್ತಿದ್ದ ಬಾಣಲೆಯ ಮುಂದೆ ಅಮೊಲೊ ಮಾತುಗಳನ್ನು ಜೋಡಿಸಿದ್ದಳು. ಬರೀ ಒಂದು ದಿಬ್ಬ. ಒಂದು ದಿನದ ಮಟ್ಟಿಗೆ. ಅವರು ನೋಡಿ ಹೋಗ್ತಾರೆ. ಪೆರೆಸ್ ಸೌಟಿನಿಂದ ಮೀನನ್ನು ಮಗುಚಿ, ಅದು ಕೆಂಪಾಗುವ ತನಕ ಕಾದು, ಆಮೇಲೆ ಬಾಯಿ ತೆರೆದಿದ್ದಳು.

"ಸಿಮೆಂಟ್ ಹಾಕಿದ್ಮೇಲೆ ಒಂದು ದಿನದ ಮಟ್ಟಿಗೆ ಹೆಂಗಾಗುತ್ತೆ, ಟೀಚರಮ್ಮ?"

ಪಕ್ಕದ ಬಾಣಲೆಯ ಹೆಂಗಸು ಕಿವಿಗೊಟ್ಟಿದ್ದವಳು ಗೊಳ್ಳನೆ ನಕ್ಕಳು. "ಹಾಕಿಸ್ಕೊಳೇ! ನಮ್ಮ ಯೋಗ್ಯತೆಗೆ ಸತ್ತ ಮೇಲೂ ಟೈಲ್ಸ್ ಸಿಗಲ್ಲ, ನಿನಗೆ ಬದುಕಿರುವಾಗ್ಲೇ ಬಂದಿದೆ!"

ಪೆರೆಸಳೂ ನಕ್ಕಳು. ಆಮೇಲೆ, ನಗು ಮುಖದಲ್ಲಿ ಇನ್ನೂ ಇರುವಾಗಲೇ, "ಅವಳು ದೊಡ್ಡ ಸ್ಕೂಲಿಗೆ ಹೋಗ್ತಾಳಾ?" ಎಂದಳು. ಹೋಗ್ತಾಳೆ ಎಂದಳು ಅಮೊಲೊ. "ಪೂರ್ತಿ ಓದಿಸ್ತಾರಾ?" ಓದಿಸ್ತಾರೆ. "ಹಾಗಿದ್ರೆ ಬರಿ ಗುಂಡಿ ಮುಚ್ಚೋದು ಬೇಡ. ಏನೂ ಹಾಕದೆ ಮುಚ್ಚಿದ ಗುಂಡಿ ಸುಮ್ನಿರಲ್ಲ, ಯಾರನ್ನಾದ್ರೂ ಕೇಳುತ್ತೆ. ನನ್ನ ಕೇಳಲಿ, ಪರವಾಗಿಲ್ಲ. ಮಗುವನ್ನ ಕೇಳಿದ್ರೆ? ಅವರಪ್ಪನಿಗೆ ಹಾಕಿದ ಹಾಗೆ ನನಗೂ ಯಾಗೊ ಕಾಯಿ ಹಾಕಿ ಮುಚ್ಚಲಿ." ಅವಳ ಗಂಡನ ಹೆಣ ಸರೋವರ ಕೊಡಲಿಲ್ಲ. ಹೆಣ ಸಿಗದವರಿಗೆ ಮಾಡುವಂತೆ, ಯಾಗೊ ಮರದಿಂದ ಹಗ್ಗದಂಥ ತೊಟ್ಟಿಗೆ ಜೋತುಬಿದ್ದ ಉದ್ದನೆಯ, ಮಗುವಿನಷ್ಟು ಭಾರದ ಕಾಯಿಯನ್ನು ಕಿತ್ತು ತಂದು, ಬಟ್ಟೆ ಸುತ್ತಿ, ಅತ್ತು, ಬಾಗಿಲಿನ ಬಲಕ್ಕೆ ಹೂಳಿದ್ದರು. ಆ ಕಾಯಿ ಒಳಗೆ ಹೋದ ಮೇಲೆ ಅವನು ಸತ್ತ. ಅದಕ್ಕೆ ಮೊದಲು ಬರೀ ಕಾಣೆಯಾಗಿದ್ದ. ಇದು ಅಮೊಲೊಳಿಗೂ ಗೊತ್ತಿತ್ತು, ಪೆರೆಸಳಿಗೂ ಗೊತ್ತಿತ್ತು. ಬಾಣಲೆಯ ಆಚೆ ಈಚೆ ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಗಂಡನ ತಮ್ಮ ಒಡೆಡೆ ಬಹಳ ಖುಷಿಯಿಂದ ಗುಂಡಿ ತೋಡಿದನೆಂದು ಆಮೇಲೆ ತಿಳಿಯಿತು. ಅಣ್ಣ ಹೋದ ಮೇಲೆ ಪದ್ಧತಿಯಂತೆ ಅತ್ತಿಗೆ ತನ್ನ ಕೈಹಿಡಿಯಲಿ, ಆ ಮನೆಯ ಬಾಗಿಲು ತನಗೆ ತೆರೆಯಲಿ ಎಂದು ಕಾದವನು ಅವನು, ಪೆರೆಸ್ ತೆರೆದಿರಲಿಲ್ಲ.

ವ್ಯಾನು ಕಳ್ಳಿ ಬೇಲಿಯ ಸಂದಿನಲ್ಲಿ ನುಗ್ಗಿ ನಿಂತಿತು. ಹಟ್ಟಿಯ ಹೆಂಗಸರು ಮಾವಿನ ಮರದಡಿ ಚಾಪೆ ಹಾಸಿ ಕೂತಿದ್ದರು. ಸೋಡಾ ಬಾಟಲಿಗಳು ನೀರಿನ ಬೇಸಿನ್ನಿನಲ್ಲಿ ತಣ್ಣಗಾಗುತ್ತಿದ್ದವು. ಅತಿಥಿಗೆ ಅವು ಕಾಣಬಾರದೆಂದು ಯಾರೋ ಬೇಸಿನ್ನಿನ ಮೇಲೆ ಗೋಣಿ ಎಳೆದರು. ಬಾಗಿಲಿನ ಬಲಕ್ಕೆ ಹಳೆಯ ದಿಬ್ಬ, ಹುಲ್ಲು ಹತ್ತಿ ನೆಲಕ್ಕೆ ಸಮನಾಗಿದೆ. ಎಡಕ್ಕೆ ಹೊಸದು. ಎಷ್ಟು ಹೊಸದೆಂದರೆ ಅಮೊಲೊ ತಟ್ಟನೆ ಮಾರ್ಗಿಟ್‌ಳ ಮುಖ ನೋಡಿದಳು. ವರ್ಷಗಳ ಹಿಂದಿನ ಗೋರಿ ಇಷ್ಟು ಕೆಂಪಗೆ, ಇಷ್ಟು ತೇವವಾಗಿ, ಈಗಷ್ಟೇ ಉಸಿರಾಡಿ ನಿಂತ ಹಾಗೆ ಇರುವುದು ಸಾಧ್ಯವೆ? ಆದರೆ ಮಾರ್ಗಿಟ್ ಅದನ್ನು ನೋಡಿ, "ಮಳೆ ಇದನ್ನು ಹೀಗೆ ಮಾಡಿದೆ, ಅಲ್ಲವೆ?" ಎಂದು ಪಿಸುಗುಟ್ಟಿದಳು. ಅಮೊಲೊ ಹೌದು ಎಂದಳು. ಹೌದು ಎನ್ನುವುದು ಎಷ್ಟು ಸುಲಭ. ಪೆರೆಸ್ ಹೆಂಗಸರ ನಡುವೆ, ಎರಡನೆಯ ಸಾಲಿನಲ್ಲಿ, ಯಾರಿಂದಲೋ ಎರವಲು ಪಡೆದ ಹಳದಿ ಲೆಸೊ ಬಟ್ಟೆ ಸೊಂಟಕ್ಕೆ ಸುತ್ತಿಕೊಂಡು ಕೂತಿದ್ದಳು. ಅವಳು ಬಂದಿರುವುದೇ ಬೇಡವಾಗಿತ್ತು. ಆದರೆ ತನ್ನ ಅಂಗಳ ಬಿಟ್ಟು ಎಲ್ಲಿಗೆ ಹೋಗುವುದು?

ಮಾರ್ಗಿಟ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಒಡೆಡೆ ಕಲೆಸಿಕೊಟ್ಟ ಗಾರೆಯನ್ನು ಕರಣೆಯಲ್ಲಿ ತೆಗೆದು ಹಚ್ಚತೊಡಗಿದಳು. ಕೆಲಸ ಚೆನ್ನಾಗಿತ್ತು, ಅಂಚುಗಳನ್ನು ನೀರು ಮುಟ್ಟಿಸಿ ಸವರುವಾಗ ತುಟಿ ಕಚ್ಚುತ್ತಿದ್ದಳು. ಬಿಸಿಲಿಗೆ ಅವಳ ಕತ್ತಿನ ಹಿಂಬದಿ ಸುಟ್ಟ ಸೀಗಡಿಯ ಬಣ್ಣಕ್ಕೆ ತಿರುಗಿತು. ಮಾವಿನ ಮರದಡಿಯಿಂದ ಹಟ್ಟಿಯ ಅಜ್ಜಿ, ಕಣ್ಣಿನ ಪೊರೆಯ ಹಿಂದಿನಿಂದ ನೋಡುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದಳು. "ಬಿಳಿ ಸೊಸೆ ಎಷ್ಟು ಚೆನ್ನಾಗಿ ಸಾರಿಸ್ತಾಳೆ ನೋಡ್ರೇ. ನಮ್ಮವು ಬರೀ ತಿನ್ನೋಕೆ ಹುಟ್ಟಿದ್ದು."

"ಅಜ್ಜೀ, ನಿನ್ನದನ್ನೂ ಈಗ್ಲೇ ಮಾಡಿಸ್ಬಿಡ್ಲಾ? ಗಾರೆ ಉಳಿಯುತ್ತೆ," ಎಂದ ಒಡೆಡೆ.

"ನನ್ನದು ಇರಲಿ, ನಿನ್ನ ಬಾಯಿಗೆ ಮೊದಲು ಮೆತ್ತಿಸ್ಕೋ." ಹೆಂಗಸರು ಲೆಸೊದ ಅಂಚನ್ನು ಬಾಯಿಗೊತ್ತಿ ನಕ್ಕರು. ಬಿಸಿಲೇರಿತ್ತು, ಅಜ್ಜಿಯ ಬಾಯಿ ಒಣಗಿತ್ತು. ಇಷ್ಟು ವರ್ಷ ಕರೆದ ಹಾಗೆಯೇ, ಯಾವ ಯೋಚನೆಯೂ ಇಲ್ಲದೆ, ಗಟ್ಟಿಯಾಗಿ ಕೂಗಿದಳು: "ಅಕೊತ್ ತಾಯೀ, ಒಂದು ಲೋಟ ನೀರು ತಾರೇ!"

ಪೆರೆಸ್ ಅರ್ಧ ಎದ್ದಿದ್ದಳು. ಎದ್ದವಳು ಹಾಗೆಯೇ, ಎದ್ದೂ ಇಲ್ಲ ಕೂತೂ ಇಲ್ಲ, ನಿಂತುಬಿಟ್ಟಳು. ಮಗುವಿನ ಹೆಸರು ಮಾರ್ಗಿಟ್‌ಳ ಕಿವಿಗೆ ಬಿದ್ದಿತ್ತು. ಕರಣೆ ನಿಂತಿತು. "ಏನೆಂದರು ಅಜ್ಜಿ?" ಎಂದು ಅಮೊಲೊಳನ್ನು ಕೇಳಿದಳು. ಆ ಕ್ಷಣ ಎಷ್ಟು ಅಗಲವಾಗಿತ್ತೆಂದರೆ ಅದರಲ್ಲಿ ವ್ಯಾನನ್ನು ತಿರುಗಿಸಿ ನಿಲ್ಲಿಸಬಹುದಿತ್ತು. ನಾಲಿಗೆಯ ಕೆಳಗಿದ್ದ ವಾಕ್ಯ ಮೇಲೆ ಬಂದು ಹಲ್ಲಿಗೆ ತಾಗಿತು. ಪಾಸ್ಟರ್ ಆಕಾಶ ನೋಡುತ್ತಿದ್ದರು. ಅಕೊತ್ ತನ್ನ ಬಿಳಿ ಕಾಲುಚೀಲಕ್ಕೆ ಮಣ್ಣು ಹತ್ತದ ಹಾಗೆ ಒಂದು ಕಲ್ಲಿನ ಮೇಲೆ ನಿಂತಿದ್ದಳು. "ಅಕೊತ್‌ಳ ತಾಯಿಗೆ ನೀರು ಕೊಡಿ ಅಂದರು," ಎಂದಳು ಅಮೊಲೊ. ಶಬ್ದಗಳೆಲ್ಲ ಅಜ್ಜಿಯವೇ, ಯಾರು ಯಾರಿಗೆ ಎಂಬುದಷ್ಟೇ ತಿರುಗಿತ್ತು. "ಅದು ಇಲ್ಲಿಯ ಕ್ರಮವೆ?" ಎಂದು ಮಾರ್ಗಿಟ್ ಕೇಳಿದಳು, ಕಣ್ಣು ತುಂಬಿ. ಅಮೊಲೊ ತಲೆಯಾಡಿಸಿದಳು. ಮಾರ್ಗಿಟ್ ತನ್ನ ಬಾಟಲಿಯ ನೀರನ್ನು, ಸರೋವರದ ಕಡೆಗಿದ್ದ ತುದಿಯಲ್ಲಿ, ಮಲಗಿದವಳ ಬಾಯಿ ಎಲ್ಲಿರಬಹುದೋ ಅಲ್ಲಿ, ಸಣ್ಣ ಧಾರೆಯಾಗಿ ಸುರಿದಳು. ಮಣ್ಣು ಅದನ್ನು ಕುಡಿಯಿತು. ಅಜ್ಜಿ ಬಾಯಾರಿ ಕೂತಿದ್ದಳು. ಮರದಡಿಯ ನಗು ಅಲ್ಲಿಗೆ ನಿಂತಿತು. ಏನೋ ಆಗಿಹೋಯಿತೆಂದು ಹೆಂಗಸರಿಗೆ ಹೇಗೋ ತಿಳಿಯಿತು. ಒಬ್ಬಳು ತಲೆಯ ಮೇಲೆ ಕೈಯಿಟ್ಟು ಮೊದಲ ರಾಗ ತೆಗೆದಳು. ಸೋಡಾಕ್ಕಾಗಿ ಅಳಲು ಬಂದವರು ಅವರು, ಅತ್ತು ತೋರಿಸಿ ಎಂದು ಒಡೆಡೆ ಹೇಳಿದ್ದ. ಆದರೆ ಆ ರಾಗಕ್ಕೆ ಸುಳ್ಳಾಗಿ ಹೊರಡುವುದು ಗೊತ್ತಿಲ್ಲ. ತವರು ಉಯೊಮದಿಂದ ಬಂದವಳೇ, ಒಲೆ ಆರಿಸಿ ಹೋದೆಯಾ, ಮೀನು ಬಾಣಲೆಯಲ್ಲೇ ಬಿಟ್ಟು ಹೋದೆಯಾ. ಒಬ್ಬಳಿಂದ ಇನ್ನೊಬ್ಬಳಿಗೆ ಹತ್ತಿ, ಎಲ್ಲರ ಕಣ್ಣಲ್ಲೂ ನೀರು ಬಂತು. ಅಜ್ಜಿ ಎದೆ ಬಡಿದುಕೊಂಡಳು. ಪೆರೆಸ್ ಅವರ ನಡುವೆ ಕೂತು ತನ್ನ ಹೆಸರಿನ ಅಳುವನ್ನು ಕೇಳುತ್ತಿದ್ದಳು. ಅವಳೊಬ್ಬಳ ಕಣ್ಣು ಒಣಗಿತ್ತು, ಹಾಗಾಗಿ ಅವಳೊಬ್ಬಳೇ ಅಲ್ಲಿ ಪರಕೀಯಳಂತೆ ಕಂಡಳು.

ಟೈಲ್ಸು ಕೂತ ಮೇಲೆ ತಲೆಯ ಕಡೆ ಅಂಗೈಯಗಲ ಜಾಗವನ್ನು ಮಾರ್ಗಿಟ್ ಬೇಕೆಂದೇ ಖಾಲಿ ಬಿಟ್ಟಿದ್ದಳು. ಅಲ್ಲಿಯ ಹಸಿ ಗಾರೆಯ ಮೇಲೆ ಅಕೊತ್‌ಳ ಕೈಯನ್ನು ಒತ್ತಿಸಿದಳು. ತಣ್ಣಗಿದೆ ಎಂದು ಮಗು ನಕ್ಕಿತು. ಎಲ್ಲರೂ ಅಳುತ್ತಿರುವುದನ್ನು ಕಂಡು ನಗು ನುಂಗಿತು. ಮುಖ ಮುಖ ನೋಡಿತು. ಯಾರದು ಈ ಗೋರಿ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹೇಳುವ ಕೆಲಸ ಅಮೊಲೊಳದು, ಅವಳು ಬೆಳಿಗ್ಗೆ ಎಣ್ಣೆ ಹಚ್ಚುವಾಗ ಹೇಳಬೇಕೆಂದಿದ್ದು ಎಣ್ಣೆ ಮುಗಿಯುವ ತನಕವೂ ಹೇಳಿರಲಿಲ್ಲ. ಈಗ ಮಾರ್ಗಿಟ್, ಮಗುವಿನ ಕಿವಿಯ ಹತ್ತಿರ ಬಗ್ಗಿ, ತನ್ನ ಭಾಷೆಯ ಉಚ್ಚಾರದ ಇಂಗ್ಲಿಷಿನಲ್ಲಿ, ನಿನ್ನ ಮಮ್ಮಾ ಇಲ್ಲಿ ಮಲಗಿದ್ದಾಳೆ, ಪುಟ್ಟಾ, ಎಂದಳು. ಮಗು ಪೆರೆಸಳನ್ನು ನೋಡಿತು. ಪೆರೆಸ್ ಬಾಯಿಯ ಮೇಲೆ ಬೆರಳಿಟ್ಟಳು. ಆದರೆ ಈ ಸಲ ನಗಲಿಲ್ಲ. ನಗಬೇಕೆಂಬುದು ಅವಳಿಗೆ ಮರೆತುಹೋಯಿತು ಅಥವಾ ಮುಖ ಮಾತು ಕೇಳಲಿಲ್ಲ. ನಗುವಿಲ್ಲದ ಆ ಬೆರಳನ್ನು ನೋಡಿ ಮಗು ಬಿಕ್ಕಿತು. ಆಮೇಲೆ ಹಟ್ಟಿಯ ಎಲ್ಲ ಅಳುವನ್ನೂ ಮೀರಿ ಕಿರುಚಿ ಅತ್ತಿತು, ಮಾರ್ಗಿಟ್‌ಳ ಕುತ್ತಿಗೆಗೆ ಜೋತುಬಿದ್ದು.

"ಅವಳ ಚಿಕ್ಕಮ್ಮನನ್ನೂ ಕರೆಯಿರಿ," ಎಂದಳು ಮಾರ್ಗಿಟ್, ಮಗುವಿನ ಬೆನ್ನು ತಟ್ಟುತ್ತ. "ಅವರೂ ಒತ್ತಲಿ. ಅವರ ಅಕ್ಕನ ಗೋರಿಯಲ್ಲವೆ."

ಅಮೊಲೊ ಪೆರೆಸಳ ಹತ್ತಿರ ಹೋದಳು. ಆ ಹತ್ತು ಮಾರು ಅಂಗಳದಲ್ಲಿ ಅವಳು ಎಷ್ಟೋ ವಾಕ್ಯಗಳನ್ನು ಕಟ್ಟಿ ಕೆಡವಿದಳು. ಬಾಯಿಯಿಂದ ಬಂದದ್ದು ಮಾತ್ರ ಚೊಕ್ಕ ಅನುವಾದ. "ನಿಮ್ಮ ಅಕ್ಕನ ಗೋರಿಗೆ ನೀವೂ ಕೈ ಒತ್ತಬೇಕಂತೆ."

ಪೆರೆಸ್ ಎದ್ದು, ಲೆಸೊ ಸರಿಮಾಡಿಕೊಂಡು, ಬಂದು ಮೊಣಕಾಲೂರಿದಳು. ಮಗುವಿನ ಅಚ್ಚಿನ ಪಕ್ಕದಲ್ಲಿ ಜಾಗವಿತ್ತು. ಎಣ್ಣೆ ಸಿಡಿದ ಕಲೆಗಳಿದ್ದ ಕೈಯನ್ನು ಅಲ್ಲಿಟ್ಟು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ಭಾರ ಬಿಟ್ಟು ಒತ್ತಿದಳು. ಕೆಳಗೆ ಎಲ್ಲೋ ಬಟ್ಟೆ ಸುತ್ತಿದ ಆ ಕಾಯಿ ಇತ್ತು. ಕೈ ತೆಗೆದಾಗ ಗಾರೆ ಸಣ್ಣಗೆ ಪಚಕ್ಕೆಂದಿತು.

ವಾಪಸು ಬರುವಾಗ ಪಕ್ಕದ ಸೀಟು ಖಾಲಿ. ಅಮೊಲೊ ಆ ಕಡೆಗೆ ಒರಗಲು ಹೋಗಿ ಬೀಳುವ ಹಾಗಾಯಿತು. ಮಾರ್ಗಿಟ್ ಹಿಂದಕ್ಕೆ ತಿರುಗಿ, ನಿದ್ದೆ ಹೋದ ಮಗುವನ್ನು ಎಬ್ಬಿಸದ ಹಾಗೆ, ಮೆಲ್ಲಗೆ ಹೇಳತೊಡಗಿದಳು. ನನ್ನ ತಾಯಿಗೆ ಗೋರಿಯಿಲ್ಲ. ಸುಟ್ಟರು, ಬೂದಿಯನ್ನು ಸಮುದ್ರಕ್ಕೆ ಚೆಲ್ಲಿದರು, ಅವಳೇ ಹಾಗೆ ಕೇಳಿಕೊಂಡಿದ್ದಳು. ಆಗ ಅದು ಸರಿಯೆನಿಸಿತ್ತು. ಈಗ ಹೂವು ಕೊಂಡರೆ ಎಲ್ಲಿಡಬೇಕೆಂದು ತಿಳಿಯುವುದಿಲ್ಲ, ಅಡುಗೆಮನೆಯ ಕಿಟಕಿಯಲ್ಲಿಡುತ್ತೇನೆ. ನೀವು ಆ ಸಂಜೆ, ದಿಬ್ಬ ಕುಸಿಯುತ್ತಿದೆ ಎಂದಿರಿ. ಇದೊಂದನ್ನಾದರೂ ಕುಸಿಯಲು ಬಿಡಬಾರದು ಎಂದುಕೊಂಡೆ. ತಾಯಿಯನ್ನು ನೀರಿಗೆ ಚೆಲ್ಲಿದ ಹೆಂಗಸು ತನಗಿಂತ ಬಡವಳು ಎಂದು ಅಮೊಲೊಳಿಗೆ ಎನಿಸಿತು, ಮರುಗಳಿಗೆ ಆ ಬಡತನಕ್ಕೆ ತಾನು ಮಾರಿದ್ದು ಏನನ್ನು ಎಂಬುದು ನೆನಪಾಯಿತು. "ನಿಮ್ಮಿಂದ ದೊಡ್ಡ ಉಪಕಾರವಾಯಿತು," ಎಂದಳು ಮಾರ್ಗಿಟ್. ಪಾಸ್ಟರ್ ಕನ್ನಡಿಯಲ್ಲಿ ಅಮೊಲೊಳನ್ನು ನೋಡಿ, ಮೆಚ್ಚಿಗೆಯಿಂದ, ಹುಬ್ಬು ಹಾರಿಸಿದರು.

ಹೊತ್ತು ಇಳಿಯುವಾಗ, ಸಭಾಂಗಣದಲ್ಲಿ ಬೆಂಚು ಜೋಡಿಸುತ್ತಿದ್ದ ಅಮೊಲೊಳನ್ನು ಯಾರೋ ಗೇಟಿನ ಹತ್ತಿರ ಕೇಳುತ್ತಿದ್ದಾರೆ ಎಂದು ಅಡುಗೆಯವಳು ಬಂದು ಹೇಳಿದಳು. ಪೆರೆಸ್. ಮೀನಿನ ಬೇಸಿನ್ ತಲೆಯ ಮೇಲಿತ್ತು. ಅದರಲ್ಲಿ ಮಾರುವ ಮೀನಿರಲಿಲ್ಲ, ಗಂಟು ಕಟ್ಟಿದ ಬಟ್ಟೆ, ಬೋರಲು ಹಾಕಿದ ಪಾತ್ರೆ, ಮೇಲೆ ಒಂದು ಕಾಗದದ ಪೊಟ್ಟಣ ಇದ್ದವು.

"ನೀವು ಹೋದ್ಮೇಲೆ ಒಲೆ ಹಚ್ಚಿದೆ, ಟೀಚರಮ್ಮ. ಮೈದುನ ಬಂದು ನೀರು ಸುರಿದ. ಸತ್ತವಳ ಮನೇಲಿ ಹೊಗೆ ಏಳಬಾರದು, ಹಟ್ಟಿಗೇ ಕೇಡು ಅಂದ. ಅಜ್ಜೀನಾದ್ರೂ ಏನಾದ್ರೂ ಹೇಳ್ತಾಳೇನೋ ಅಂತ ನೋಡಿದೆ." ಪೆರೆಸ್ ಬೇಸಿನ್ ಇಳಿಸಲಿಲ್ಲ. "ಅಜ್ಜಿ ನನ್ನ ಮುಖ ನೋಡ್ಲಿಲ್ಲ. ಅವನು ಸುಳ್ಳು ಹೇಳ್ತಿಲ್ಲ ಅಂದ್ಲು. ಕಾಯಿ ಹಾಕಿದೀವಿ, ಅತ್ತಿದೀವಿ, ನೀರು ಬಿಟ್ಟಿದೀವಿ, ಇನ್ನೇನು ಉಳಿದಿದೆ ಅಂದ್ಲು."

"ನಾನು ಬಂದು ಮಾತಾಡ್ತೀನಿ ಅಕ್ಕಾ. ನಾಳೆ ಬೆಳಿಗ್ಗೆ..."

"ಏನಂತ ಮಾತಾಡ್ತೀರಿ?"

ಅಮೊಲೊ ಗೇಟಿನ ಕಂಬಿ ಹಿಡಿದಳು. ಅಡುಗೆಮನೆಯಲ್ಲಿ ಮಲಗಲಿ ಎನ್ನಬಹುದಿತ್ತು. ಅತಿಥಿಗಳು ಹೋಗುವ ತನಕ ಬೇಡ ಎಂದು ಪಾಸ್ಟರ್ ಅನ್ನುವುದು ಆಗಲೇ ಕಿವಿಯಲ್ಲಿ ಕೇಳುತ್ತಿತ್ತು. "ದಡದಲ್ಲಿ ಇರ್ತೀನಿ ಬಿಡಿ," ಎಂದಳು ಪೆರೆಸ್, ಅವಳ ಮುಖ ಓದಿದ ಹಾಗೆ. "ಜಾಗ ಹೆಂಗೋ ಸಿಗುತ್ತೆ. ಅದಲ್ಲ ನಾನು ಕೇಳೋಕೆ ಬಂದಿದ್ದು. ನೀವು ಓದಿದವರು. ನಾನು ನಿಜವಾಗ್ಲೂ ಹೋದಾಗ ನನ್ನ ಎಲ್ಲಿ ಹಾಕ್ತಾರೆ? ಅಲ್ಲಿ ಆಗ್ಲೇ ತುಂಬಿದೆಯಲ್ಲ."

ಅಷ್ಟರಲ್ಲಿ ಅಕೊತ್ ಓಡಿ ಬಂದಳು. ತೊಳೆದರೂ ಅಂಗೈಯ ಗೆರೆಗಳಲ್ಲಿ ಬೂದಿ ಬಣ್ಣ ಉಳಿದಿತ್ತು. ಸುತ್ತ ಅತಿಥಿಗಳು ಯಾರೂ ಇರಲಿಲ್ಲ. ಪೆರೆಸ್ ಬಾಯಿಯ ಮೇಲೆ ಬೆರಳಿಡಲಿಲ್ಲ, ಕಾಯುತ್ತ ನಿಂತಳು. ಬೇಸಿನ್ನಿನಿಂದ ಪೊಟ್ಟಣ ತೆಗೆದು ಕಂಬಿಗಳ ಸಂದಿನಲ್ಲಿ ಚಾಚಿ, "ಈಗ ಯಾರೂ ಇಲ್ಲ ಮಗಾ. ಕರೆ," ಎಂದಳು. ಮಗು ಪೊಟ್ಟಣವನ್ನು ಎರಡೂ ಕೈಯಲ್ಲಿ ತೆಗೆದುಕೊಂಡಿತು. ಅಮೊಲೊಳನ್ನು ಒಮ್ಮೆ ನೋಡಿತು. ಆಮೇಲೆ ಸಭಾಂಗಣದಲ್ಲಿ ಕಲಿಸಿದ ಹಾಗೆ, ಕಾಲು ಜೋಡಿಸಿ, ಮೊಣಕಾಲು ಬಗ್ಗಿಸಿ, ತಲೆ ತಗ್ಗಿಸಿ, ದಾನ ಕೊಟ್ಟವರಿಗೆ ಹೇಳುವ ಆ ಚೊಕ್ಕ ಇಂಗ್ಲಿಷಿನಲ್ಲಿ, "ಥ್ಯಾಂಕ್ಯೂ, ಆಂಟಿ. ದೇವರು ನಿಮಗೆ ಒಳ್ಳೆಯದು ಮಾಡಲಿ," ಎಂದಿತು. ಎಷ್ಟು ಚೆನ್ನಾಗಿ ಹೇಳಿತೆಂದರೆ, ಕಲಿಸಿದವಳಾದ ಅಮೊಲೊ ಅಭ್ಯಾಸಬಲದಿಂದ ತಲೆಯಾಡಿಸಿಬಿಟ್ಟಳು.

ಸಭಾಂಗಣದಿಂದ ಪಾಸ್ಟರ್ ಕೂಗಿದರು. ಬೆಂಚುಗಳು ತುಂಬಿದ್ದವು. ಮಾರ್ಗಿಟ್ ಸ್ನಾನ ಮಾಡಿ, ಒದ್ದೆ ಕೂದಲನ್ನು ಹಿಂದಕ್ಕೆ ಬಾಚಿ, ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಕೊತ್ ಹೋಗಿ ಅವಳ ತೊಡೆಯೇರಿದಳು, ಮೀನಿನ ಪೊಟ್ಟಣದ ಸಮೇತ. ಹೊಸದಾಗಿ ಸೇರಿದ ಒಂದು ಮಗುವನ್ನು ಎದ್ದು ನಿಲ್ಲಿಸಿದರು. ಅಮೊಲೊ ಅದರ ಭುಜದ ಮೇಲೆ ಕೈಯಿಟ್ಟಳು. ತಂದೆ ಇಲ್ಲ ಎಂದಳು. ತಾಯಿ ತೀರಿಕೊಂಡಳು ಎಂದಳು. ನಾಲಿಗೆ ಮುಂದಕ್ಕೆ ಹೊರಟಿತು. ಅವಳು ಹಲ್ಲು ಕಚ್ಚಿ ಅದನ್ನು ಹಿಡಿದಳು. ವಾಕ್ಯ ಒಂಟಿ ಕಾಲಿನಲ್ಲಿ ನಿಂತಿತು. ನಿಲ್ಲಲಿ. ಬೇರೆ ಅತಿಥಿಗಳು ಕರವಸ್ತ್ರ ಹುಡುಕುತ್ತಿದ್ದರು. ಆದರೆ ಮಾರ್ಗಿಟ್ ಈಗ ಕೇಳಲು ಕಲಿತಿದ್ದಳು. ಮುಂದಕ್ಕೆ ಬಾಗಿ, ಮೃದುವಾಗಿ, ಈ ನಾಡಿನ ಯಾವುದೇ ಮುದುಕಿ ಕೇಳುವ ಹಾಗೆ ಕೇಳಿದಳು: "ಅವಳನ್ನು ಎಲ್ಲಿ ಮಲಗಿಸಿದ್ದಾರೆ?"

ಕಿಟಕಿಯಾಚೆ ಇಳಿಜಾರಿನ ರಸ್ತೆ ಕಾಣುತ್ತಿತ್ತು. ಬೇಸಿನ್ ಹೊತ್ತ ತಲೆಯೊಂದು ಸರೋವರದ ಕಡೆ, ಸಮನಾದ ನಡಿಗೆಯಲ್ಲಿ, ಇಳಿದು ಹೋಗುತ್ತಿತ್ತು.

"ಎಲ್ಲೂ ಇಲ್ಲ," ಎಂದಳು ಅಮೊಲೊ. "ಅವಳಿಗೆ ಗೋರಿಯಿಲ್ಲ."

ಮಾರ್ಗಿಟ್ ಎದ್ದು ಬಂದು, ಸಿಮೆಂಟಿಗೆ ಒರಟಾಗಿದ್ದ ಕೈಗಳಲ್ಲಿ ಅಮೊಲೊಳ ಕೈ ಹಿಡಿದುಕೊಂಡಳು. "ಹೆದರಬೇಡಿ," ಎಂದಳು. "ಮುಂದಿನ ವರ್ಷ ಬರುತ್ತೇನಲ್ಲ."